ಬೆಂಕಿ ಮೊದಲೋ, ಹುದುಗು ಮೊದಲೋ

ಜನವರಿಯ ನಸುಕು, ನಾಲ್ಕು ಗಂಟೆ. ಗೋಕಾಕ ಸೀಮೆಯ ತುಕ್ಕಾನಟ್ಟಿಯ ಹೊಲದ ದಾರಿಯಲ್ಲಿ ಟಾರ್ಚ್ ಹಿಡಿದು ನಡೆಯುತ್ತಿದ್ದೀರಿ. ಎರಡೂ ಕಡೆ ತಲೆಯ ಮೇಲೆ ಬೆಳೆದ ಕಬ್ಬು. ಎಲೆಯಂಚಿನ ಇಬ್ಬನಿ ತಾಗಿ ಅಂಗಿಯ ತೋಳು ಒದ್ದೆಯಾಗಿದೆ. ದೂರದ ಡಾಂಬರು ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಹಾಡು ಜೋರಾಗಿ ಹಚ್ಚಿಕೊಂಡು ಕಾರ್ಖಾನೆಯ ಕಡೆ ಹೊರಟಿದೆ. ಗಾಣದ ಮನೆ ಇನ್ನೂ ಕಣ್ಣಿಗೆ ಬಿದ್ದಿಲ್ಲ, ವಾಸನೆ ಮಾತ್ರ ಸಿಕ್ಕಿದೆ. ಸುಟ್ಟ ಸಿಪ್ಪೆಯ ಹೊಗೆ, ಕುದಿಯುವ ಸಿಹಿ, ಇವೆರಡರ ಕೆಳಗೆ ತೆಳುವಾಗಿ ಇನ್ನೊಂದು: ಹುಳಿ.

ಆ ಹುಳಿ ಎಲ್ಲಿಂದ ಬರುತ್ತಿದೆ ಎಂದು ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ಯಂತ್ರದ ಮೂರು ಉರುಳೆಗಳ ನಡುವೆ ಕಬ್ಬು ನುಗ್ಗಿ ಹೋಗುತ್ತಿದೆ, ಹಸಿರುಗಂದು ಕಬ್ಬಿನ ಹಾಲು, ಅಂದರೆ ರಸ, ತಗಡಿನ ಕಾಲುವೆಯಲ್ಲಿ ಹರಿದು ನೆಲದ ತೊಟ್ಟಿಗೆ ಬೀಳುತ್ತಿದೆ. ತೊಟ್ಟಿಯ ಅಂಚಿನಲ್ಲಿ ನಿನ್ನೆಯ ಹಾಲು ಒಣಗಿ ಕಟ್ಟಿದ ಪಟ್ಟಿ. ಬೆರಳಿನಿಂದ ಕೆರೆದು ಮೂಸಿ ನೋಡಿ. ಹೆಂಡದ ವಾಸನೆ. ಯಾರೂ ಹಾಕದ ಯೀಸ್ಟು ಅಲ್ಲಿ ಆಗಲೇ ಕೆಲಸಕ್ಕೆ ನಿಂತಿದೆ. ಕಬ್ಬಿನ ಮೈಮೇಲೆ, ಗೆಣ್ಣಿನ ಬೂದಿಯಲ್ಲಿ, ಯಂತ್ರದ ಸಂದುಗಳಲ್ಲಿ ಅದು ಎಂದಿನಿಂದಲೂ ಇದೆ.

"ತೊಟ್ಟಿ ತೊಳೀರೋ ಅಂತ ದಿನಾ ಬಡಕೋತೀನಿ," ಎನ್ನುತ್ತಾನೆ ಪಾಕ ನೋಡುವ ಹಿರಿಯ, ಒಲೆಯ ಬಾಯಿಗೆ ಸಿಪ್ಪೆ ತಳ್ಳುತ್ತಿರುವ ಹುಡುಗನ ಕಡೆ ತಿರುಗಿ. ಆಮೇಲೆ ನಿಮಗೆ: "ಹಾಲು ಇಳಿದ ಮ್ಯಾಲ ತಡಾ ಮಾಡಬಾರದ್ರಿ. ಒಲಿ ಮ್ಯಾಲ ಏರಬೇಕು, ಇಲ್ಲಾಂದ್ರ ಬೆಲ್ಲ ಗಟ್ಟಿ ಆಗೂದಿಲ್ಲ."

ಈ ಒಂದು ಮಾತಿನಲ್ಲಿ ಕಬ್ಬಿನ ನಾಡಿನ ರಸಾಯನಶಾಸ್ತ್ರ ಅರ್ಧ ಮುಗಿಯಿತು. ಹಾಲಿಗೆ ಬೆಂಕಿ ಮೊದಲು ತಲುಪಿದರೆ ಬೆಲ್ಲ. ಹುದುಗು ಮೊದಲು ತಲುಪಿದರೆ ಮದ್ಯ, ಅದನ್ನೂ ಬಿಟ್ಟರೆ ಹುಳಿ. ಕಬ್ಬು ಕಡಿದ ಗಳಿಗೆಯಿಂದಲೇ ಓಟ ಶುರುವಾಗಿರುತ್ತದೆ. ಕಡಿದ ತುದಿಯಿಂದ ಬ್ಯಾಕ್ಟೀರಿಯಾ ಒಳನುಗ್ಗುತ್ತದೆ. ಕಬ್ಬಿನದೇ ಕಿಣ್ವ ಸಕ್ಕರೆಯನ್ನು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಮಾಡುತ್ತದೆ. ಎರಡು ದಿನ ಬಿಸಿಲಲ್ಲಿ ಬಿದ್ದ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಜಾರುವುದು ಇದಕ್ಕೇ. ನೀವು ಇಂದು ಇಲ್ಲಿ ನಿಂತಿರುವುದು ಆ ಓಟದ ಎರಡೂ ಬದಿಯನ್ನು ನೋಡಲು. ಒಂದು ಕಡೆ ಬೆಂಕಿ ಗೆಲ್ಲಬೇಕು. ಇನ್ನೊಂದು ಕಡೆ, ಈ ಗಾಣದವರ ಮನೆಯ ಹಿತ್ತಿಲಲ್ಲಿ, ಹತ್ತು ಲೀಟರ್ ಹಾಲಿನ ಮಟ್ಟಿಗೆ, ಹುದುಗನ್ನೇ ಗೆಲ್ಲಿಸಬೇಕು.

ಗಾಣದವರ ಮಗ ಜೇಬಿನಿಂದ ಗೇಣುದ್ದದ ಕೊಳವೆ ತೆಗೆಯುತ್ತಾನೆ. ರಿಫ್ರ್ಯಾಕ್ಟೋಮೀಟರ್. ಗಾಜಿನ ಮೇಲೆ ಎರಡು ಹನಿ ಹಾಲು ಬಿಟ್ಟು, ಮುಚ್ಚಳ ಒತ್ತಿ, ಬಲ್ಬಿನ ಕಡೆ ಹಿಡಿದು ನಿಮ್ಮ ಕೈಗೆ ಕೊಡುತ್ತಾನೆ. ಕಣ್ಣಿಟ್ಟರೆ ನೀಲಿ ಮತ್ತು ಬಿಳಿಯ ನಡುವಿನ ಗೆರೆ 20ರ ಮೇಲೆ ನಿಂತಿದೆ. ಬ್ರಿಕ್ಸ್ 20, ಅಂದರೆ ನೂರು ಗ್ರಾಂ ಹಾಲಿನಲ್ಲಿ ಕರಗಿದ ಘನ ಇಪ್ಪತ್ತು ಗ್ರಾಂ. ಕೋ 86032 ತಳಿಯ ಕಬ್ಬು ಹನ್ನೆರಡು ತಿಂಗಳು ಮಾಗಿ ಚಳಿಗೆ ಸಿಕ್ಕಿದರೆ ಇಷ್ಟು ಬರುತ್ತದೆ. ಘಟಪ್ರಭೆಯ ನೀರು, ಹಿಡಕಲ್ ಅಣೆಕಟ್ಟು, ಧೂಪದಾಳದಿಂದ ಹೊರಡುವ ಎಡದಂಡೆ ಕಾಲುವೆ, ಒಂದು ವರ್ಷದ ಗೊಬ್ಬರ, ಆಳು, ಕರೆಂಟಿಗೆ ಕಾದ ರಾತ್ರಿಗಳು, ಎಲ್ಲ ಸೇರಿ ಕೊನೆಗೆ ಆ ಗೆರೆ ಎಲ್ಲಿ ನಿಲ್ಲುತ್ತದೆ ಎಂಬಲ್ಲಿಗೆ ಬರುತ್ತವೆ. ಇಲ್ಲಿಗೆ ದೂರವಲ್ಲದ ಗುರ್ಲಾಪುರ ಕ್ರಾಸಿನಲ್ಲಿ 2025ರ ನವೆಂಬರಿನಲ್ಲಿ ರೈತರು ರಸ್ತೆಯಲ್ಲಿ ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದಾಗಲೂ ವಾದದ ಒಳಗೆ ಇದ್ದದ್ದು ಇದೇ: ಒಂದು ಟನ್ ಕಬ್ಬಿನಲ್ಲಿ ಸಿಹಿ ಎಷ್ಟು, ಅದರಿಂದ ಯಾರು ಏನೇನು ತೆಗೆಯುತ್ತಾರೆ.

ಒಲೆ ಈಗ ಉರಿ ಹಿಡಿದಿದೆ. ಅಗಲವಾದ ಕಡಾಯಿಯಲ್ಲಿ ಹಾಲು ಏಳುತ್ತಿದೆ. ಮೊದಲು ಸುಣ್ಣದ ತಿಳಿ ಬೀಳುತ್ತದೆ, ಹಾಲಿನ ಹುಳಿ ತಗ್ಗಿಸಲು. ಆಮೇಲೆ ಬೆಂಡೆ ಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆ. ಲೋಳೆಗೆ ಸಿಕ್ಕ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬಂದು, ಉದ್ದ ಹಿಡಿಕೆಯ ಜಾಲರಿಗೆ ಸಿಕ್ಕಿ ಹೊರಬೀಳುತ್ತದೆ. ಬಣ್ಣ ತಿಳಿಯಾಗಿಸಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ಗಾಣಗಳೂ ಇವೆ. ಇಲ್ಲಿ ಹಾಕುವುದಿಲ್ಲವಾದ್ದರಿಂದ ಬೆಲ್ಲ ಕಂದಾಗಿರುತ್ತದೆ, ಮಹಾಲಿಂಗಪುರದ ಪೇಟೆಯಲ್ಲಿ ಅದಕ್ಕೆ ಬೇರೆ ದರ. ಗುಳ್ಳೆಗಳು ಮೊದಲು ದೊಡ್ಡವು, ಬರಬರುತ್ತ ಸಣ್ಣವು, ಕೊನೆಗೆ ಮಂದವಾಗಿ ಉಸಿರೆಳೆದು ಒಡೆಯುವಂಥವು. ಹಿರಿಯ ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಬಟ್ಟಲಿನ ಅಂಚಿಗೆ ಬಡಿಯುತ್ತಾನೆ. ಠಣ್. ಥರ್ಮಾಮೀಟರ್ ಇಟ್ಟಿದ್ದರೆ 118 ಡಿಗ್ರಿ ತೋರಿಸುತ್ತಿತ್ತು. ನಾಲ್ಕು ಜನ ಕಡಾಯಿ ಬಗ್ಗಿಸುತ್ತಾರೆ.

ಇಷ್ಟು ಗಟ್ಟಿಯಾದ ಸಿಹಿಯ ಮೇಲೆ ಯೀಸ್ಟು ಬೆಳೆಯಲಾರದು. ಅದರೊಳಗಿನ ನೀರನ್ನೇ ಬೆಲ್ಲ ಹೊರಗೆಳೆದುಬಿಡುತ್ತದೆ. ಮಳೆಗಾಲದಲ್ಲಿ ಬೆಲ್ಲ ಬೆವರಿ ನೀರು ಹಿಡಿದಾಗ ಮಾತ್ರ ಮೇಲ್ಪದರದಲ್ಲಿ ಹುಳಿವಾಸನೆ ಬರುತ್ತದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಬೇಕಾಗುತ್ತದೆ.

ಬಿಸಿಲೇರಿದ ಮೇಲೆ ಹಿತ್ತಿಲಿಗೆ ಬನ್ನಿ. ಸ್ಟೀಲ್ ಪಾತ್ರೆಯಲ್ಲಿ ಹತ್ತು ಲೀಟರ್ ಹಾಲು ಸೋಸಿ, ಒಂದು ಕುದಿ ಬರಿಸಿ, ಆರಲು ಇಟ್ಟಿದ್ದಾರೆ. ಕುದಿಸಿದ್ದು ಬೇಡದ ಅತಿಥಿಗಳನ್ನು ಕೊಲ್ಲಲು. ಮಾಡಹೊರಟಿರುವುದು ಕಬ್ಬಿನ ವಿನೆಗರ್. ಪಂಜಾಬ್, ಉತ್ತರ ಪ್ರದೇಶಗಳ ಹಳ್ಳಿಗಳಲ್ಲಿ ಇದು ಹಳೆಯ ರೂಢಿ. ಲೂಧಿಯಾನದ ಕೃಷಿ ವಿಶ್ವವಿದ್ಯಾಲಯ ಅದಕ್ಕೆ ಅಚ್ಚುಕಟ್ಟಾದ ವಿಧಾನವನ್ನೂ ಕೊಟ್ಟಿದೆ. ಫಿಲಿಪ್ಪೀನ್ಸಿನಲ್ಲಿ ಕಬ್ಬಿನ ಹುಳಿ ಇಲ್ಲದ ಅಡುಗೆಮನೆಗಳು ಕಡಿಮೆ. ನಮ್ಮ ಕಡೆ ಅಪರೂಪ. ವಿನೆಗರ್ ಆಗಬೇಕಾದರೂ ಸಕ್ಕರೆ ಮೊದಲು ಆಲ್ಕೋಹಾಲ್ ಆಗಲೇಬೇಕು, ಆಮೇಲೆ ಅದು ಆಮ್ಲ. ಹಾಗಾಗಿ ಡಿಸ್ಟಿಲರಿಯವರ ಮುಂದಿರುವ ಎರಡು ಪ್ರಶ್ನೆಗಳೇ ಈ ಹಿತ್ತಿಲಲ್ಲೂ ಎದುರಾಗುತ್ತವೆ: ಯಾವ ಯೀಸ್ಟು? ಎಷ್ಟು ಸಕ್ಕರೆ?

"ಇನ್ನೆರಡು ಕಿಲೋ ಬೆಲ್ಲ ಹಾಕೂಣಲ್ಲ, ಗಟ್ಟಿ ಆಗತೈತಿ," ಎನ್ನುತ್ತಾಳೆ ಮನೆಯ ಅವ್ವ. ಮನೆಯಲ್ಲಿ ಬೆಲ್ಲಕ್ಕೇನು ಬರ? ಸಿಹಿ ಹೆಚ್ಚಾದರೆ ಫಲವೂ ಹೆಚ್ಚು ಎಂದು ಯಾರಿಗೂ ಅನಿಸುತ್ತದೆ.

ಮಗ ಕ್ಯಾಲ್ಕುಲೇಟರ್ ತೆಗೆಯುತ್ತಾನೆ, ನೀವೂ ಬಗ್ಗಿ ನೋಡುತ್ತೀರಿ. ಬ್ರಿಕ್ಸ್ 20ರ ಒಂದು ಲೀಟರ್ ಹಾಲು 1,083 ಗ್ರಾಂ ತೂಗುತ್ತದೆ. ಅದರಲ್ಲಿ ಘನ ಸುಮಾರು 217 ಗ್ರಾಂ, ನಿಜವಾದ ಸಕ್ಕರೆ ಅದರ ಶೇ 85ರಷ್ಟು, ಅಂದರೆ 184 ಗ್ರಾಂ. ಒಂದು ಲೀಟರಿನಲ್ಲಿ 17 ಗ್ರಾಂ ಸಕ್ಕರೆಗೆ ಶೇ 1ರಷ್ಟು ಆಲ್ಕೋಹಾಲ್ ಎಂಬುದು ಹುದುಗಿನ ಕೆಲಸದವರ ಸಾಮಾನ್ಯ ಲೆಕ್ಕ. ಭಾಗಿಸಿದರೆ ಹತ್ತು ಮುಕ್ಕಾಲು. ಅಂದರೆ ತುಕ್ಕಾನಟ್ಟಿಯ ಕಬ್ಬು ತಾನಾಗಿಯೇ ಶೇ 10ರಿಂದ 11ರಷ್ಟು ಆಲ್ಕೋಹಾಲಿಗೆ ಬೇಕಾದ ಸಿಹಿಯನ್ನು ಹೊತ್ತು ತಂದಿದೆ. ಬ್ರೆಡ್ಡಿನ ಯೀಸ್ಟು ಹೆಚ್ಚುಕಡಿಮೆ ಅಲ್ಲಿಗೇ ದಣಿಯುತ್ತದೆ.

ಇದರ ಮೇಲೆ ಎರಡು ಕಿಲೋ ಬೆಲ್ಲ ಬಿದ್ದರೆ? ಲೀಟರಿಗೆ ಸಕ್ಕರೆ 300 ಗ್ರಾಮಿನ ಸಮೀಪ ಹೋಗುತ್ತದೆ. ಯೀಸ್ಟಿನ ಕೋಶದ ಹೊರಗೆ ಇಷ್ಟು ಸಿಹಿ ನಿಂತರೆ ಒಳಗಿನ ನೀರು ಹೊರಗೆ ಸೆಳೆದುಹೋಗುತ್ತದೆ. ಬೆಳಿಗ್ಗೆ ಬೆಲ್ಲದ ಅಚ್ಚಿನಲ್ಲಿ ಕಂಡ ಸಂಗತಿ ಇದೇ, ಇಲ್ಲಿ ಸ್ವಲ್ಪ ಸೌಮ್ಯವಾಗಿ. ತಡವರಿಸಿ ಶುರುವಾದ ಹುದುಗು ತಾನೇ ಮಾಡಿದ ಆಲ್ಕೋಹಾಲಿಗೆ ಸಿಕ್ಕಿ ನಡುದಾರಿಯಲ್ಲಿ ನಿಲ್ಲುತ್ತದೆ. ಉಳಿದ ಸಿಹಿಯನ್ನು ಬ್ಯಾಕ್ಟೀರಿಯಾ ತಿನ್ನುತ್ತದೆ. ಬೆಲ್ಲವೂ ಹೋಯಿತು, ಹಾಲೂ ಹೋಯಿತು. ಎಷ್ಟು ಸಕ್ಕರೆ ಎಂಬುದನ್ನು ತೀರ್ಮಾನಿಸುವುದು ಮನೆಯ ಗಡಿಗೆಯಲ್ಲಿ ಎಷ್ಟಿದೆ ಎಂಬುದಲ್ಲ, ಉಣ್ಣುವ ಜೀವ ಎಷ್ಟು ತಾಳುತ್ತದೆ ಎಂಬುದು.

ವಿನೆಗರಿಗಂತೂ ಇನ್ನೂ ಕಡಿಮೆ ಸಾಕು. ಆಮ್ಲ ಮಾಡುವ ಬ್ಯಾಕ್ಟೀರಿಯಾಕ್ಕೆ ಹೆಚ್ಚು ಆಲ್ಕೋಹಾಲ್ ಆಗುವುದಿಲ್ಲ, ಶೇ 6ರ ಹತ್ತಿರ ಅದಕ್ಕೆ ಹಿತ. ಆರನ್ನು ಹದಿನೇಳರಿಂದ ಗುಣಿಸಿದರೆ ಲೀಟರಿಗೆ 102 ಗ್ರಾಂ ಸಕ್ಕರೆ. ಹತ್ತು ಲೀಟರ್ ಹಾಲಿನಲ್ಲಿರುವುದು 1,840 ಗ್ರಾಂ. ಆದ್ದರಿಂದ ಬೆಲ್ಲ ಹಾಕುವ ಬದಲು ಎಂಟು ಲೀಟರ್ ನೀರು ಹಾಕಬೇಕು. ಅವ್ವ ಹುಬ್ಬೇರಿಸುತ್ತಾಳೆ. "ಹಾಲಿಗೆ ನೀರು ಹಾಕೂದು ಗೌಳ್ಯಾರ ಕೆಲಸ" ಎಂದು ನಕ್ಕು ಕಾಯಿಸಿ ಆರಿಸಿದ ನೀರಿನ ಕೊಡ ತರುತ್ತಾಳೆ. ನೀರು ಬೆರೆತ ಮೇಲೆ ರಿಫ್ರ್ಯಾಕ್ಟೋಮೀಟರ್ ಗೆರೆ ಹನ್ನೊಂದೂವರೆಗೆ ಇಳಿಯುತ್ತದೆ. ಹೈಡ್ರೋಮೀಟರ್ ತೇಲಿಸಿದರೆ 1.046.

ಈಗ ಯೀಸ್ಟಿನ ಸರದಿ. ಕಟ್ಟೆಯ ಮೇಲೆ ಮೂರು ಆಯ್ಕೆಗಳಿವೆ.

ಮೊದಲನೆಯದು ಏನೂ ಹಾಕದೆ ಬಿಡುವುದು. ಗೋವೆಯ ಗೇರು ಫೆನಿಯವರು ಮಾಡುವುದು ಇದನ್ನೇ. ಚೋರ್ಲಾ ಘಾಟಿನ ಆಚೆ ಏಪ್ರಿಲ್ ತಿಂಗಳಲ್ಲಿ ಗೇರುಹಣ್ಣಿನ ರಸ ಕೊಡಗಳಲ್ಲಿ ಮೂರು ದಿನ ತಾನೇ ಹುದುಗುತ್ತದೆ. ಸಕ್ಕರೆಯನ್ನೂ ಹಾಕುವುದಿಲ್ಲ, ಯೀಸ್ಟನ್ನೂ ಹಾಕುವುದಿಲ್ಲ. 2009ರಲ್ಲಿ ಆ ಪಾನೀಯಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ಅಲ್ಲಿನ ಭಟ್ಟಿಗಳಿಗೆ ಸರಕಾರದ ಪರವಾನಗಿ ಇದೆ. ಕಾಡು ಯೀಸ್ಟಿನಿಂದ ಬರುವ ಸುವಾಸನೆ ಬೇರೆ ಯಾವುದರಿಂದಲೂ ಬರುವುದಿಲ್ಲ. ಆದರೆ ಅದು ಜೂಜು. ತಲೆಮಾರುಗಳಿಂದ ಅದೇ ಕೊಡ, ಅದೇ ತೋಟ, ಅದೇ ಕೈ ಇದ್ದಲ್ಲಿ ಜೂಜು ಗೆಲ್ಲುತ್ತದೆ. ಕುದಿಸಿ ತಣಿಸಿದ ಈ ಹಾಲಿನಲ್ಲಿ ಕಾಡು ಯೀಸ್ಟು ಸತ್ತೇ ಹೋಗಿದೆ.

ಎರಡನೆಯದು ಗೋಕಾಕದ ಬೇಕರಿ ಸಾಮಾನಿನ ಅಂಗಡಿಯಿಂದ ತಂದ ಒಣ ಯೀಸ್ಟಿನ ಪೊಟ್ಟಣ. ಬ್ರೆಡ್ಡು ಉಬ್ಬಿಸಲೆಂದೇ ಸಾಕಿದ ತಳಿ. ಬೇಗ ಏಳುತ್ತದೆ, ಬೇಗ ನೊರೆ ಕಟ್ಟುತ್ತದೆ, ಶೇ 8ರಿಂದ 10 ದಾಟುವಾಗ ಉಸಿರು ಕಟ್ಟುತ್ತದೆ. ಮೂರನೆಯದು ವೈನಿನ ತಳಿ. ಬೆಲೆ ಹೆಚ್ಚು, ಹದಿನಾಲ್ಕರ ತನಕ ಸಲೀಸು, ಕೆಲವು ತಳಿಗಳು ಹದಿನೆಂಟರವರೆಗೂ ತಾಳುತ್ತವೆ. ಸಾಕಿದ ಈ ಎರಡರ ಮೂಲವೂ ಹೆಚ್ಚುಕಡಿಮೆ ಒಂದೇ ಪ್ರಭೇದ, ಸ್ಯಾಕರೋಮೈಸಿಸ್ ಸೆರೆವಿಸಿಯೇ. ಬೇರೆ ಬೇರೆ ಕೆಲಸಕ್ಕೆ ಪಳಗಿದ ಎತ್ತುಗಳ ಹಾಗೆ: ಗಳೇ ಹೊಡೆಯುವುದಕ್ಕೆ ಓಟದ ಹೋರಿ ಬೇಕಿಲ್ಲ.

ಶೇ 6 ಸಾಕು ಎಂದು ಗೆರೆ ಹಾಕಿಕೊಂಡವರಿಗೆ ಹದಿನೆಂಟು ತಾಳುವ ತಳಿ ಯಾಕೆ? ಬೇಕರಿಯ ಪೊಟ್ಟಣವೇ ಗೆದ್ದಿತು. ಸಕ್ಕರೆಯ ಪ್ರಮಾಣ ಮೊದಲು ತೀರ್ಮಾನವಾದರೆ ಯೀಸ್ಟಿನ ಆಯ್ಕೆ ತಾನಾಗಿ ಸಲೀಸಾಗುತ್ತದೆ.

ಲೀಟರಿಗೆ ಅರ್ಧ ಗ್ರಾಂ, ಹದಿನೆಂಟು ಲೀಟರಿಗೆ ಒಂಬತ್ತು ಗ್ರಾಂ. ಚಿನ್ನದಂಗಡಿಯ ನಮೂನೆಯ ಪುಟ್ಟ ತಕ್ಕಡಿಯಲ್ಲಿ ತೂಗಿ, ಕೈಗೆ ಬೆಚ್ಚಗೆನಿಸುವ ನೀರಿನಲ್ಲಿ ಕದಡಿ, ಕಾಲು ಗಂಟೆ ಬಿಡುತ್ತಾರೆ. ಒಣ ಯೀಸ್ಟಿನ ಒಂದು ಗ್ರಾಮಿನಲ್ಲಿ ಸಾವಿರ ಕೋಟಿ ಕೋಶಗಳಾದರೂ ಇರುತ್ತವೆ. ಈಗ ಹಾಲಿನ ಪ್ರತಿ ಮಿಲಿಲೀಟರಿಗೆ 50 ಲಕ್ಷ ಕೋಶ ಬಿದ್ದ ಲೆಕ್ಕ. ಕಡಿಮೆ ಹಾಕಿದರೆ ಅದು ತನ್ನ ಸಂತಾನ ಹೆಚ್ಚಿಸಿಕೊಳ್ಳುವುದರೊಳಗೆ ಬ್ಯಾಕ್ಟೀರಿಯಾ ಜಾಗ ಹಿಡಿಯುತ್ತದೆ. ಹತ್ತು ಪಟ್ಟು ಹಾಕಿದರೆ ಒಮ್ಮೆಲೇ ಕಾವೇರಿ, ಒಗರು ಬ್ರೆಡ್ಡಿನ ವಾಸನೆ ಉಳಿದುಬಿಡುತ್ತದೆ. ಆಲ್ಕೋಹಾಲಿನ ಪ್ರಮಾಣವಂತೂ ಒಂದು ಹನಿಯೂ ಹೆಚ್ಚುವುದಿಲ್ಲ, ಅದನ್ನು ಕೊಡುವುದು ಸಕ್ಕರೆ ಮಾತ್ರ.

ಯೀಸ್ಟಿಗೆ ಸಕ್ಕರೆಯೊಂದೇ ಸಾಲದು, ಸಾರಜನಕವೂ ಬೇಕು. ಕಬ್ಬಿನ ಹಾಲಿನಲ್ಲಿ ಅದು ಕಡಿಮೆ. "ಡಿಎಪಿ ಹಾಕಬೇಕಂತಲ್ಲ, ಐತಲ್ಲ ಕೊಟಗ್ಯಾಗ" ಎಂದು ಹುಡುಗ ಗೊಬ್ಬರದ ಚೀಲದ ಕಡೆ ಓಡುತ್ತಾನೆ. ತಡೆಯಿರಿ. ಹೆಸರು ಒಂದೇ, ಸರಕು ಬೇರೆ. ಹೊಲದ ಗೊಬ್ಬರದಲ್ಲಿ ಭಾರಲೋಹಗಳ ಕಶ್ಮಲ ಇರಬಹುದು, ಹೊಟ್ಟೆಗೆ ಹೋಗುವ ಪದಾರ್ಥಕ್ಕೆ ಆಹಾರ ದರ್ಜೆಯದೇ ಆಗಬೇಕು. ಅದೂ ಲೀಟರಿಗೆ ಕಾಲು ಗ್ರಾಂ. ನಾಲ್ಕು ನಿಂಬೆಹಣ್ಣು ಹಿಂಡಿದರೆ ಹುಳಿಯ ಮಟ್ಟವೂ ಪಿಎಚ್ 4.5ರ ಆಸುಪಾಸಿಗೆ ಬರುತ್ತದೆ. ಯೀಸ್ಟಿಗೆ ಅದು ಹಿತ, ಬಹುಪಾಲು ಬ್ಯಾಕ್ಟೀರಿಯಾಕ್ಕೆ ಸಂಕಟ.

ಹಾಲು ತುಂಬಿಸಿಟ್ಟ ಕ್ಯಾನಿನ ಬಾಯಿಗೆ ಬಿಗಿ ಮುಚ್ಚಳ ಹಾಕಬೇಡಿ. ಇಷ್ಟು ಸಕ್ಕರೆ ಪೂರ್ತಿ ಹುದುಗಿದರೆ ಹೊರಬರುವ ಇಂಗಾಲದ ಡೈಆಕ್ಸೈಡು 500 ಲೀಟರಿಗೂ ಹೆಚ್ಚು. ಮುಚ್ಚಳಕ್ಕೆ ತೂತು ಕೊರೆದು, ಸಲೈನಿನ ನಳಿಕೆ ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದ್ದಾರೆ. ಒಳಗಿನದು ಹೊರಬರುತ್ತದೆ, ಹೊರಗಿನದು ಒಳಹೋಗುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಮೊದಲ ಗುಳ್ಳೆ ಬುಳಕ್ ಎನ್ನುತ್ತದೆ. ಮಲಗುವ ಹೊತ್ತಿಗೆ ಎಣಿಸಲಾಗದಷ್ಟು ಬೇಗ.

ಹುದುಗು ತನ್ನ ಕೆಲಸ ಮಾಡುತ್ತಿರಲಿ. ಅಷ್ಟರಲ್ಲಿ ಇದೇ ಲೆಕ್ಕ ಲಕ್ಷಾಂತರ ಲೀಟರಿಗೆ ಬೆಳೆದಾಗ ಹೇಗಿರುತ್ತದೆ ಎಂದು ನೋಡಬೇಕು. ಈ ಸೀಮೆಯಲ್ಲಿ ಅದಕ್ಕೆ ದೂರ ಹೋಗಬೇಕಿಲ್ಲ. ಮಹಾಲಿಂಗಪುರದ ಬಳಿಯ ಸಮೀರವಾಡಿಯಂಥ ಊರುಗಳಲ್ಲಿ ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲೇ ಡಿಸ್ಟಿಲರಿ ಇದೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಇದನ್ನೇ ಓದಿ ಬಂದ ಹುಡುಗರು ಇಂಥ ಕಡೆ ಪಾಳಿ ಮಾಡುತ್ತಾರೆ.

ಅಂಥ ಒಂದು ಡಿಸ್ಟಿಲರಿಯ ಕಬ್ಬಿಣದ ಮೆಟ್ಟಿಲು ಹತ್ತಿ ತೊಟ್ಟಿಯ ಇಣುಕುಗಾಜಿಗೆ ಮುಖ ಹಚ್ಚಿ. ಒಳಗೆ ಕಾಫಿ ಬಣ್ಣದ ಸಮುದ್ರ ಮೊರೆಯುತ್ತಿದೆ. ಇಲ್ಲಿಯ ಕಚ್ಚಾವಸ್ತು ಕಾಕಂಬಿ, ಸಕ್ಕರೆ ಹರಳುಗಟ್ಟಿ ಹೋದ ಮೇಲೆ ಉಳಿಯುವ ಕಪ್ಪು ಪಾಕ. ಅದರ ಬ್ರಿಕ್ಸ್ ಎಂಬತ್ತರ ಮೇಲೆ. ಹಾಗೇ ಬಿಟ್ಟರೆ ಯೀಸ್ಟು ಅದರಲ್ಲಿ ಕಣ್ಣೇ ಬಿಡುವುದಿಲ್ಲ. ಇವರೂ ಮೊದಲು ಮಾಡುವ ಕೆಲಸ ನೀರು ಬೆರೆಸುವುದು, ತುಕ್ಕಾನಟ್ಟಿಯ ಹಿತ್ತಿಲಲ್ಲಿ ಮಾಡಿದ್ದನ್ನೇ. ಕಾಕಂಬಿಯಲ್ಲಿ ಸಕ್ಕರೆಯ ಜೊತೆ ಉಪ್ಪಿನಂಶವೂ ತುಂಬಿರುತ್ತದೆ, ಆದ್ದರಿಂದ ಯೀಸ್ಟಿನ ತಾಳಿಕೆ ಬೇಗ ಮುಗಿಯುತ್ತದೆ. ಹುದುಗಿದ ಮೇಲೆ ಆಲ್ಕೋಹಾಲ್ ಶೇ 8ರಿಂದ 10 ಬಂದರೆ ಒಳ್ಳೆಯ ಪಾಳಿ. ಕೋಟ್ಯಂತರ ರೂಪಾಯಿ ಯಂತ್ರಗಳಿದ್ದರೂ ಈ ಅಂಕಿಯನ್ನು ಇಪ್ಪತ್ತಕ್ಕೆ ಏರಿಸಲಾಗಿಲ್ಲ.

ತೊಟ್ಟಿಯ ಪಕ್ಕದಲ್ಲಿ ಫಲಕಗಳ ಸಾಲು, ಅದರೊಳಗೆ ತಣ್ಣೀರು ಓಡುತ್ತಿದೆ. ಹುದುಗು ಎಂದರೆ ಕಾವು. ಒಂದು ಬ್ರಿಕ್ಸ್ ಸಕ್ಕರೆ ಹುದುಗಿದರೆ ತೊಟ್ಟಿಯ ತಾಪ ಸುಮಾರು 1.3 ಡಿಗ್ರಿ ಏರುತ್ತದೆ ಎಂದು ಲೆಕ್ಕ. ಇಪ್ಪತ್ತು ಬ್ರಿಕ್ಸಿಗೆ ಇಪ್ಪತ್ತಾರು ಡಿಗ್ರಿ. ಹಿತ್ತಿಲ ಕ್ಯಾನು ಗಾಳಿಗೆ ತಾನೇ ಆರುತ್ತದೆ, ದೊಡ್ಡ ತೊಟ್ಟಿ ಆರುವುದಿಲ್ಲ. ಮೂವತ್ತೆರಡರ ಸುತ್ತ ಹಿಡಿದಿಡದಿದ್ದರೆ ಗೋಕಾಕ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಯೀಸ್ಟು ತನ್ನ ಕಾವಿಗೆ ತಾನೇ ಬೇಯುತ್ತದೆ.

ಯಾವ ಸಿಹಿಯನ್ನು ಹಾಕಬೇಕು ಎಂಬುದು ಇಲ್ಲಿ ರಾಜಕಾರಣವೂ ಹೌದು. ಕೊನೆಯ ಹಿಂಡಿನ ಕಾಕಂಬಿ ಒಂದು ಟನ್ನಿಗೆ ಕೊಡುವುದು 225 ಲೀಟರ್ ಎಥನಾಲ್. ಸಕ್ಕರೆಯನ್ನು ಇನ್ನಷ್ಟು ಉಳಿಸಿಕೊಂಡ ಬಿ-ಹೆವಿ ಕಾಕಂಬಿ 300 ಲೀಟರಿನ ಹತ್ತಿರ. ಸಕ್ಕರೆಯನ್ನೇ ಮಾಡದೆ ಹಾಲನ್ನು ನೇರ ಹುದುಗಿಸಿದರೆ ಒಂದು ಟನ್ ಕಬ್ಬಿಗೆ 70 ಲೀಟರ್. 2018ರ ಜೈವಿಕ ಇಂಧನ ನೀತಿ ಈ ದಾರಿಗಳನ್ನು ತೆರೆಯಿತು. 2023ರ ಡಿಸೆಂಬರಿನಲ್ಲಿ ಸಕ್ಕರೆಯ ಅಭಾವದ ಭಯದಿಂದ ಕೇಂದ್ರ ಸರಕಾರ ಹಾಲಿನ ಬಳಕೆಗೆ ಕಡಿವಾಣ ಹಾಕಿತು, ಮರುವರ್ಷ ಸಡಿಲಿಸಿತು. ಯೀಸ್ಟಿಗೆ ಇದೊಂದೂ ಗೊತ್ತಿಲ್ಲ. ಅದರ ತಟ್ಟೆಗೆ ಯಾವ ಸಿಹಿ ಬೀಳಬೇಕೆಂದು ಈಗ ದಿಲ್ಲಿಯಲ್ಲಿ ಬರೆಯುತ್ತಾರೆ.

ಮೂರನೆಯ ದಿನ ಸಂಜೆ ಹಿತ್ತಿಲಿಗೆ ವಾಪಸು. ಗುಳ್ಳೆಗಳು ನಿಧಾನವಾಗಿವೆ. ರಿಫ್ರ್ಯಾಕ್ಟೋಮೀಟರ್ ಹಿಡಿದರೆ ಇನ್ನೂ ನಾಲ್ಕೈದು ಬ್ರಿಕ್ಸ್ ತೋರಿಸಿ ಸಿಹಿ ಉಳಿದಿದೆ ಎನ್ನುತ್ತದೆ. ನಂಬಬೇಡಿ. ಆಲ್ಕೋಹಾಲ್ ಬೆರೆತ ಮೇಲೆ ಆ ಗಾಜು ಸುಳ್ಳು ಹೇಳುತ್ತದೆ. ಹೈಡ್ರೋಮೀಟರ್ ತೇಲಿಸಿದರೆ ಅದು 1.000ದ ಗೆರೆಯ ತನಕ ಮುಳುಗುತ್ತದೆ. ಸಿಹಿ ಮುಗಿದಿದೆ. ನಾಲಿಗೆಗೆ ಒಂದು ಹನಿ: ಸಪ್ಪೆ, ಒಗರು, ಮೂಗಿಗೆ ಏರುವ ಘಾಟು.

ಕಟ್ಟೆಯ ಮೇಲೆ ಕೂತ ಅಜ್ಜ ಆ ಘಾಟಿಗೆ ತಲೆಯೆತ್ತುತ್ತಾನೆ. "ಇದನ್ನ ಹಂಡೇಕ ಏರಿಸಿದ್ರ ಸಾರಾಯಿ. ನಮ್ಮ ಕಾಲದಾಗ ಹಳ್ಳದ ದಂಡಿಗೆ ಹೂಳತಿದ್ರು." ಬೆಲ್ಲ, ನೀರು, ಜಾಲಿಯ ತೊಗಟೆ, ನವಸಾಗರ. ಮಣ್ಣಿನ ಗಡಿಗೆಯಲ್ಲಿ ತುಂಬಿ ನೆಲದಲ್ಲಿ ಹುಗಿದಿಟ್ಟ ಮಿಶ್ರಣ. ಅಬಕಾರಿ ಇಲಾಖೆಯ ದಾಳಿಯ ಸುದ್ದಿಗಳಲ್ಲಿ ನೀವು ಓದುವ 'ಬೆಲ್ಲದ ಕೊಳೆ' ಅದೇ. ಆ ಗಡಿಗೆಯ ಲೆಕ್ಕವನ್ನು ಈಗ ನೀವೇ ಪರೀಕ್ಷಿಸಬಲ್ಲಿರಿ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಯೀಸ್ಟಿಗೆ ಸಾರಜನಕ ಬೇಕೆಂದು ಯಾರಿಗೋ ಕೈಯಂದಾಜಿನಲ್ಲಿ ಹೊಳೆದಿತ್ತು. ತೊಗಟೆಯ ಒಗರು ಬ್ಯಾಕ್ಟೀರಿಯಾವನ್ನು ಸ್ವಲ್ಪ ದೂರವಿಡುತ್ತದೆ. ನೆಲದೊಳಗೆ ಹುಗಿದದ್ದು ಪೊಲೀಸರ ಕಣ್ಣಿಗೆ ಬೀಳದಿರಲಿ ಎಂದು, ಜೊತೆಗೆ ಕಾವೂ ಹದವಾಗಿರುತ್ತಿತ್ತು. ಇಷ್ಟೆಲ್ಲ ಜಾಣತನದ ನಡುವೆ ಇಲ್ಲದೇ ಹೋದದ್ದು ಅಳತೆ. ಬೆಲ್ಲ ಹೆಚ್ಚಾದಷ್ಟೂ ಮಾಲು ಖಡಕ್ ಎಂಬ ನಂಬಿಕೆಯಲ್ಲಿ ಸಕ್ಕರೆ ಸುರಿದು, ಹುದುಗು ಅರ್ಧದಲ್ಲಿ ನಿಂತು, ಖಡಕ್ಕಿಗಾಗಿ ಇನ್ನೇನೇನೋ ಸೇರಿಸುವ ದಾರಿ ಅಲ್ಲಿಂದಲೇ ತೆರೆಯುತ್ತದೆ.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ರಾಜ್ಯ ಸರಕಾರ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯ ಕಡೆ ಮತ್ತೆ ನೂರಕ್ಕೂ ಹೆಚ್ಚು ಸಾವು. ಕೊಂದದ್ದು ಮೆಥನಾಲ್. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಯೀಸ್ಟಿನ ಮೇಲೆ ಈ ಪಾಪ ಹೊರಿಸಬೇಡಿ. ಮೆಥನಾಲ್ ಹುಟ್ಟಲು ಹಣ್ಣಿನ ಪೆಕ್ಟಿನ್ ಬೇಕು, ಕಬ್ಬಿನ ಹಾಲಿನಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಸತ್ತವರ ಲೋಟಕ್ಕೆ ಬಂದದ್ದು ಕೈಗಾರಿಕೆಯ ಪೀಪಾಯಿಯಿಂದ, ಲಾಭಕ್ಕಾಗಿ ಬೆರೆಸಿದ ಮನುಷ್ಯರ ಕೈಯಿಂದ.

ಮಗ ಹಂಡೆಯ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾನೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ಮನೆಯ ಒಲೆಯಾದರೂ ಅಷ್ಟೇ. ಅವನಿಗೆ ಬೇಕಾದದ್ದು ಹುಳಿ. ಕ್ಯಾನಿನ ತಳಕ್ಕೆ ಇಳಿದ ಯೀಸ್ಟಿನ ಮಡ್ಡಿಯನ್ನು ಬಿಟ್ಟು, ತಿಳಿಯನ್ನು ಮಾತ್ರ ಅಗಲ ಬಾಯಿಯ ಜಾಡಿಗಳಿಗೆ ಬಗ್ಗಿಸುತ್ತಾನೆ. ಪ್ರತಿ ಜಾಡಿಗೂ ಹಳೆಯ, ಕಾಯಿಸದ ವಿನೆಗರ್ ಕಾಲು ಭಾಗ ಬೀಳುತ್ತದೆ. ಅದರಲ್ಲಿ ಅಸಿಟೋಬ್ಯಾಕ್ಟರ್ ಜೀವಂತವಾಗಿದೆ. ಮೂರು ದಿನ ಗಾಳಿಯನ್ನು ತಡೆದದ್ದಾಯಿತು, ಇನ್ನು ಮುಂದೆ ಗಾಳಿಯೇ ಆಹಾರ. ಜಾಡಿಯ ಬಾಯಿಗೆ ಬಿಳಿ ಮಲ್ಲು ಬಟ್ಟೆ, ಬಟ್ಟೆಗೆ ದಾರ. ಈ ಬ್ಯಾಕ್ಟೀರಿಯಾಕ್ಕೆ ಅವಸರವಿಲ್ಲ. ಜಾಡಿಯ ಮೇಲೆ ತೆಳು ಪೊರೆ ಕಟ್ಟುತ್ತ, ಘಾಟು ಹೋಗಿ ಚುರುಕು ಬರುತ್ತ, ಸುಗ್ಗಿಯ ಟ್ರ್ಯಾಕ್ಟರುಗಳು ಕಡಿಮೆಯಾಗುವ ಹೊತ್ತಿಗೆ ವಿನೆಗರ್ ಸಿದ್ಧ.

ಮಾರ್ಚ್ ತಿಂಗಳ ಮಧ್ಯಾಹ್ನ. ಅಡುಗೆಮನೆಯ ಕಟ್ಟೆಯ ಮೇಲೆ ಬ್ಯುರೆಟ್, ಅರ್ಧ ನಾರ್ಮಲ್ ಕಾಸ್ಟಿಕ್ ಸೋಡಾ, ಫಿನಾಲ್ಫ್ತಲೀನಿನ ಪುಟ್ಟ ಬಾಟಲಿ. ಹತ್ತು ಮಿಲಿಲೀಟರ್ ವಿನೆಗರಿಗೆ ಹನಿಹನಿಯಾಗಿ ಸೋಡಾ ಬಿಡುವ ಕೆಲಸ ನಿಮ್ಮದು. ಗುಲಾಬಿ ಬಣ್ಣ ಬಂದು ಬಂದು ಮಾಯವಾಗುತ್ತದೆ. 15.5ಕ್ಕೆ ನಿಂತಿತು. ಲೆಕ್ಕ ಹಾಕಿದರೆ ಆಮ್ಲ ಶೇ 4.65. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ವಿನೆಗರಿಗೆ ಕೇಳುವುದು ಕನಿಷ್ಠ 3.75. ಅವ್ವ ಹೆಚ್ಚಿದ ಉಳ್ಳಾಗಡ್ಡಿಯ ಮೇಲೆ ಒಂದು ಚಮಚೆ ಸುರಿದು, ರೊಟ್ಟಿಯ ತುಂಡಿನಲ್ಲಿ ಹಿಡಿದು ಬಾಯಿಗಿಟ್ಟುಕೊಂಡು ಕಣ್ಣು ಕಿರಿದು ಮಾಡುತ್ತಾಳೆ.

"ಭಾಳ ಹುಳಿ ಆತು. ಅವತ್ತ ನನ್ನ ಮಾತ ಕೇಳಿ ಬೆಲ್ಲ ಹಾಕಿದ್ರ?"

"ಹಾಕಿದ್ರ ಹುಳಿನೂ ಇಲ್ಲ, ಬೆಲ್ಲಾನೂ ಇಲ್ಲ," ಎಂದು ಮಗ ನಗುತ್ತ ಕ್ಯಾಲ್ಕುಲೇಟರ್ ಒತ್ತುತ್ತಾನೆ. ಹತ್ತು ಲೀಟರ್ ಹಾಲಿಗೆ ಎಂಟರ ಬದಲು ಹತ್ತು ಲೀಟರ್ ನೀರು ಹಾಕಿದರೆ ಸಕ್ಕರೆ ಲೀಟರಿಗೆ 92 ಗ್ರಾಂ, ಆಲ್ಕೋಹಾಲ್ ಐದೂವರೆಯ ಹತ್ತಿರ, ಆಮ್ಲ ನಾಲ್ಕರ ಮೇಲೆ. ನಾಲಿಗೆಗೆ ಹದ, ಕಾನೂನಿಗೆ ಸಾಕು, ಅದೇ ಕಬ್ಬಿಗೆ ಎರಡು ಲೀಟರ್ ಹೆಚ್ಚು ಮಾಲು. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮುಂದಿನ ಸುಗ್ಗಿಗೆಂದು ಬರೆದಿಡುತ್ತಾನೆ: ಹಾಲು 10, ನೀರು 10, ಯೀಸ್ಟು 10 ಗ್ರಾಂ, ಬೆಲ್ಲ ಸೊನ್ನೆ.